ಅನ್ನ, ವಸತಿ ಮತ್ತು ವಿದ್ಯಾಯಾತ್ರೆ: ಕೊಪ್ಪಳ–ಗಂಗಾವತಿ ಸೀಮೆಯ ಚರಿತ್ರೆಯಿಂದ

ಓದಿಗಾಗಿ ಊರು ಬಿಟ್ಟವರ ಚರಿತ್ರೆಯನ್ನು ಸಾಮಾನ್ಯವಾಗಿ ದಾರಿ ಮತ್ತು ದೂರದ ಲೆಕ್ಕದಲ್ಲಿ ಬರೆಯಲಾಗುತ್ತದೆ. ಯಾರು ಎಷ್ಟು ದೂರ ಹೋದರು, ರೈಲು ಯಾವಾಗ ಬಂತು, ಮೊದಲು ಕಡಲು ದಾಟಿದವರು ಯಾರು ಎಂಬುದೇ ಅಲ್ಲಿ ಮುಖ್ಯ. ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯ ಮಟ್ಟಿಗೆ ಈ ಲೆಕ್ಕ ಸಾಲದು. ಇಲ್ಲಿನ ಮಕ್ಕಳ ವಿದ್ಯಾಯಾತ್ರೆಯನ್ನು ನಡೆಸಿದ್ದೂ ತಡೆದದ್ದೂ ಹೋದ ಊರಿನಲ್ಲಿ ದೊರೆಯುವ ಊಟ ಮತ್ತು ವಸತಿ ಎಂಬುದು ಈ ಲೇಖನದ ವಾದ.

ಕದಂಬ ಮಯೂರಶರ್ಮ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು ತಾಳಗುಂದ ಶಾಸನ ಹೇಳುತ್ತದೆ. ಕನ್ನಡ ನಾಡಿನ ವಿದ್ಯಾಯಾತ್ರೆಗೆ ಅದು ಹೆಸರಾಂತ ಸಾಕ್ಷಿ. ಆದರೆ ವಿದ್ಯಾರ್ಥಿ ಅಲ್ಲಿ ಬದುಕುವ ಬಗೆ ತಿಳಿಯಲು ಬೇರೆ ಶಾಸನಗಳತ್ತ ಹೋಗಬೇಕು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಸಾಲೋಟಗಿ ಶಾಸನದಲ್ಲಿ ನಾನಾ ಜನಪದಗಳಿಂದ ಬಂದವರಿಗಾಗಿ 27 ಮನೆಗಳನ್ನು ಬಿಟ್ಟ ವಿವರವಿದೆ. 1058ರ ನಾಗಾವಿ ಶಾಸನ ಅಲ್ಲಿನ ಘಟಿಕಾಸ್ಥಾನದ ವಿದ್ಯಾರ್ಥಿಗಳನ್ನು, ಗುರುಗಳನ್ನು, ಆರು ಮಂದಿ ಸರಸ್ವತೀ ಭಂಡಾರಿಗರನ್ನು (ಗ್ರಂಥಪಾಲಕರನ್ನು) ಎಣಿಸಿ ಹೇಳಿ, ಅವರ ನಿರ್ವಾಹಕ್ಕೆ ದತ್ತಿ ಬಿಟ್ಟುದನ್ನು ದಾಖಲಿಸುತ್ತದೆ. ದಾನಿಗಳು ಪಾಠಕ್ಕಿಂತ ಮೊದಲು ಪಡಿಯ ಚಿಂತೆ ಮಾಡಿದ್ದರು. ನಮ್ಮ ಸೀಮೆಯ ಕುಕನೂರು, ಇಟಗಿ ಅಗ್ರಹಾರಗಳನ್ನೂ ಈ ದತ್ತಿ ವ್ಯವಸ್ಥೆಯೊಳಗೇ ಇಟ್ಟು ನೋಡಬೇಕು. ಇದು ಬ್ರಾಹ್ಮಣ ವಟುಗಳಿಗೆ ಮೀಸಲಾದ ಲೋಕವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ವಾದಕ್ಕೆ ಅದರಿಂದ ಬಲವೇ ಬರುತ್ತದೆ: ಯಾರ ಎಲೆಗೆ ಅನ್ನ ಬೀಳುತ್ತಿತ್ತೋ ಅವರ ಮಕ್ಕಳು ಮಾತ್ರ ಓದಲು ಹೊರಟರು, ಉಳಿದವರಿಗೆ ಶತಮಾನಗಳ ಕಾಲ ಆ ದಾರಿ ಇರಲೇ ಇಲ್ಲ.

ಈ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ ಈ ಅಂತರ ಇನ್ನೊಂದು ರೂಪ ತಾಳಿತು. ಹೈದರಾಬಾದಿನ ಸರೋಜಿನಿ ಚಟ್ಟೋಪಾಧ್ಯಾಯ, ಮುಂದೆ ಸರೋಜಿನಿ ನಾಯ್ಡು, 1895ರಲ್ಲಿ ಹದಿನಾರರ ಹರೆಯದಲ್ಲೇ ನಿಜಾಮರ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದರು. ಅದೇ ಸಂಸ್ಥಾನದ ಕನ್ನಡ ತಾಲ್ಲೂಕಿನ ಮಗುವಿಗೆ ರಾಜಧಾನಿಯೇ ಪರದೇಶ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆ ಉರ್ದುವಿನಲ್ಲಿತ್ತು. ಹಾಗಾದರೆ ತಡೆದದ್ದು ಭಾಷೆಯಲ್ಲವೇ? ಭಾಷೆ ಯಾತ್ರೆಯ ದಿಕ್ಕನ್ನು ನಿರ್ಧರಿಸಿತು, ನಿಜ. ಕನ್ನಡದ ನೆರಳು ಬೇಕಾದವರಿಗೆ ಮುಂಬಯಿ ಪ್ರಾಂತದ ಧಾರವಾಡವಿತ್ತು, 1917ರಿಂದ ಅಲ್ಲಿ ಕರ್ನಾಟಕ ಕಾಲೇಜೂ ಇತ್ತು. ಹುಬ್ಬಳ್ಳಿಯತ್ತ ಹೋಗುವ ರೈಲು ಕೊಪ್ಪಳದ ಮೂಲಕ 1880ರ ದಶಕದಿಂದಲೇ ಓಡುತ್ತಿತ್ತು. ಆದರೆ ಟಿಕೀಟು ಒಂದು ದಿನದ ಖರ್ಚು, ಹಸಿವು ವರ್ಷವಿಡೀ ಇರುವಂಥದ್ದು. ಬಡ ಹುಡುಗ ಧಾರವಾಡದಲ್ಲಿ ನೆಲೆ ನಿಲ್ಲಬೇಕಾದರೆ ವಾರಾನ್ನದ ಮನೆಗಳು ಅಥವಾ ಮುರುಘಾಮಠದಂಥ ಉಚಿತ ಪ್ರಸಾದ ನಿಲಯ ಬೇಕಿತ್ತು. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ. ಅಲ್ಲಿನ ಮಕ್ಕಳು ಓದಲು ಹೊರಡುವುದಕ್ಕೆ ಅದನ್ನು ಕಾಯಲಿಲ್ಲ.

1948ರಲ್ಲಿ ಹೈದರಾಬಾದ್ ಸಂಸ್ಥಾನದ ವಿಮೋಚನೆಯಾದ ನಂತರದ ದೊಡ್ಡ ಬದಲಾವಣೆಯನ್ನೂ ಈ ದೃಷ್ಟಿಯಿಂದಲೇ ಓದಬೇಕು. ಕೊಪ್ಪಳದ ಗವಿಮಠದ ಉಚಿತ ಪ್ರಸಾದ ನಿಲಯ, ಸರ್ಕಾರದ ಬಿಸಿಎಂ ಹಾಸ್ಟೆಲುಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಹಳ್ಳಿಯ ಮಕ್ಕಳನ್ನು ಜಾತಿಯ ಗೆರೆ ದಾಟಿಸಿ ಹೊರಗೆ ತಂದವು. ವಿದೇಶದ ಮಟ್ಟದಲ್ಲೂ ಮಾತು ಬೇರೆಯಲ್ಲ. 1954–55ರಲ್ಲಿ ಆರಂಭವಾದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಶುಲ್ಕದ ಜೊತೆ ಜೀವನ ನಿರ್ವಹಣೆಯ ಭತ್ಯೆಯನ್ನೂ ಕೊಡುತ್ತದೆ. ಆದರೆ ಅದು ಉನ್ನತ ವ್ಯಾಸಂಗಕ್ಕೆ. ಶಾಲಾ ವಯಸ್ಸಿನ ವಿದೇಶ ಯಾತ್ರೆ ಇಂದಿಗೂ ಹೆಚ್ಚಾಗಿ ತಂದೆತಾಯಿಯ ಜೇಬಿನ ಮಾತಾಗಿಯೇ ಇದೆ.

ಹಾಸ್ಟೆಲ್ ವಾಸವನ್ನು ಪ್ರವಾಸ ಎನ್ನಬಹುದೇ, ಶೈಕ್ಷಣಿಕ ಪ್ರವಾಸವೆಂದರೆ ಬಸ್ಸು ಹತ್ತಿ ನಾಡು ನೋಡುವುದಲ್ಲವೇ ಎಂದು ಕೇಳಬಹುದು. ‘ಚಿಣ್ಣರ ಕರ್ನಾಟಕ ದರ್ಶನ’ದಂಥ ಯೋಜನೆಗಳನ್ನು ನಾನು ಹಗುರಾಗಿ ಕಾಣುವುದಿಲ್ಲ, ಊರ ಗಡಿ ದಾಟದ ಮಗುವಿಗೆ ಅದು ನಿಜಕ್ಕೂ ದೊಡ್ಡದು. ಆದರೆ ನೋಡಿ ಬರುವುದಕ್ಕೂ ಇದ್ದು ಕಲಿಯುವುದಕ್ಕೂ ಅಂತರವಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬೆಟ್ಟದ ಬೃಹತ್ ಶಿಲಾ ಸಮಾಧಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿವೆ. ಆ ಕಲ್ಲುಮನೆಗಳನ್ನು ಅಳೆದು, ನಕ್ಷೆ ಬರೆದು, ಆನೆಗೊಂದಿಯ ಕೋಟೆಯೊಂದಿಗೆ ಹೋಲಿಸಲು ಕುಷ್ಟಗಿಯ ಒಂಬತ್ತನೆಯ ತರಗತಿಯ ಹುಡುಗಿಗೆ ನಾಲ್ಕಾರು ರಾತ್ರಿಗಳ ವಸತಿ ಬೇಕು. ರಜೆಯಲ್ಲಿ ಬೀಗ ಬೀಳುವ ಹಾಸ್ಟೆಲುಗಳನ್ನು ಇದಕ್ಕೆ ತೆರೆದಿಟ್ಟರೆ ಹೊಸ ಕಟ್ಟಡದ ಅಗತ್ಯವೇ ಬಾರದು. ಚರಿತ್ರೆ ಬರೆಯುವವರಿಗೂ ಆಧಾರ ಅಲ್ಲೇ ಇದೆ: ಪ್ರಸಾದ ನಿಲಯಗಳ ದಾಖಲಾತಿ ಪುಸ್ತಕಗಳು, ಜೋಳ–ಅಕ್ಕಿಯ ಲೆಕ್ಕಗಳು, ದಾಸೋಹಕ್ಕೆ ಧಾನ್ಯ ತಂದುಕೊಟ್ಟ ಹಳ್ಳಿಗಳ ಪಟ್ಟಿಗಳು. ಗೆದ್ದಲು ಹಿಡಿಯುವ ಮೊದಲು ಅವನ್ನು ಶಾಸನಗಳಷ್ಟೇ ಆಸ್ಥೆಯಿಂದ ಸಂಗ್ರಹಿಸಿ ಓದಬೇಕಾಗಿದೆ.