ಚಾಮರಾಜನಗರ ಸೀಮೆಯಲ್ಲಿ ಬಹುಪದರ ಪ್ಲಾಸ್ಟಿಕ್ ಹಾಳೆ

ಬೇರೆ ಬೇರೆ ಗುಣದ ತೆಳು ಪದರಗಳನ್ನು ಒಂದಾಗಿಸಿ ಬಹುಪದರ ಪ್ಲಾಸ್ಟಿಕ್ ಹಾಳೆಯನ್ನು ತಯಾರಿಸುತ್ತಾರೆ. ಎಲ್ಲ ಕೆಲಸಕ್ಕೂ ಒದಗುವ ಒಂದೇ ಪ್ಲಾಸ್ಟಿಕ್ ಇಲ್ಲ. ಪಾಲಿಥೀನ್ ತೇವವನ್ನು ತಡೆಯುತ್ತದೆ, ಬಿಸಿ ತಾಗಿದರೆ ಕರಗಿ ಅಂಟಿಕೊಳ್ಳುತ್ತದೆ, ಆದರೆ ಆಮ್ಲಜನಕವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಬಲವಾದದ್ದು, ಅದರ ಮೇಲೆ ಅಚ್ಚು ಚೆನ್ನಾಗಿ ಮೂಡುತ್ತದೆ. ಅಲ್ಯೂಮಿನಿಯಂ ಹಾಳೆ ಬೆಳಕು, ಗಾಳಿ ಎರಡನ್ನೂ ತಡೆಯುತ್ತದೆ, ಮಡಿಚಿದಲ್ಲಿ ಮಾತ್ರ ಬಿರಿಯುತ್ತದೆ. ಸಿದ್ಧ ಹಾಳೆಗಳನ್ನು ಅಂಟಿನಿಂದ ಕೂಡಿಸಿದರೆ ಲ್ಯಾಮಿನೇಷನ್. ಕರಗಿದ ಪ್ಲಾಸ್ಟಿಕ್‌ಗಳನ್ನು ಒಂದೇ ಅಚ್ಚಿನ ಬಾಯಿಂದ ಪದರಪದರವಾಗಿ ಹೊರಡಿಸಿದರೆ ಸಹ-ಎಕ್ಸ್‌ಟ್ರೂಷನ್.

ಪಾಲಿಥೀನ್ 1933ರಲ್ಲಿ, ಪಾಲಿಯೆಸ್ಟರ್ 1941ರಲ್ಲಿ, ಎರಡೂ ಇಂಗ್ಲೆಂಡಿನಲ್ಲಿ ಹುಟ್ಟಿದವು. ಇವುಗಳ ನಡುವೆ ಅಲ್ಯೂಮಿನಿಯಂ ಸೇರಿಸಿ, ಆಹಾರ ತುಂಬಿ ಶಾಖಕ್ಕೆ ಒಡ್ಡಬಹುದಾದ ರಿಟಾರ್ಟ್ ಚೀಲದ ಮೇಲೆ ಅಮೆರಿಕದ ಸೇನಾ ಪ್ರಯೋಗಾಲಯಗಳು ದುಡಿದವು. ಅಂಗಡಿಗೆ ರಿಟಾರ್ಟ್ ಚೀಲವನ್ನು ಮೊದಲು ತಂದದ್ದು ಜಪಾನ್. 1968ರಲ್ಲಿ ಅಲ್ಲಿ ಬಂದ ‘ಬಾನ್ ಕರಿ’ ಎಂಬ ಸಿದ್ಧ ಅಡುಗೆಯ ಚೀಲದಲ್ಲಿ ಅಲ್ಯೂಮಿನಿಯಂ ಇರಲಿಲ್ಲ, ಆಹಾರ ಕೆಲವೇ ತಿಂಗಳು ಉಳಿಯುತ್ತಿತ್ತು. ಮರುವರ್ಷ ಲೋಹದ ಪದರ ಸೇರಿಸಿದ ಮೇಲೆ ಬಾಳಿಕೆ ವರ್ಷಗಳಿಗೆ ಏರಿತು.

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಿಂದ ಸುಮಾರು 60 ಕಿ.ಮೀ. ದೂರದ ಮೈಸೂರಿನಲ್ಲಿ 1961ರಲ್ಲಿ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಆರಂಭವಾಯಿತು. ಸೈನಿಕರಿಗೆ ಬೇಯಿಸಿದ ಊಟವನ್ನು ಇಂಥ ಚೀಲದಲ್ಲಿ ತುಂಬಿ, ಬಾಯಿ ಮುಚ್ಚಿ, ಒತ್ತಡದಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡ್ಡುವ ವಿಧಾನವನ್ನು ಅದು ಭಾರತೀಯ ಅಡುಗೆಗೆ ಒಗ್ಗಿಸಿತು. ಈ ತಂತ್ರಜ್ಞಾನವೇ ಬೆಂಗಳೂರಿನ ಎಂ.ಟಿ.ಆರ್.ನ ಸಿದ್ಧ ತಿನಿಸುಗಳಿಗೂ ದಾರಿಯಾಯಿತು.

ಹೊಲಕ್ಕೆ ಬಂದ ಹಾಳೆಯ ದಾರಿ ಬೇರೆ. ಟೊಮೆಟೊ, ಕಲ್ಲಂಗಡಿ ಬೆಳೆಯುವವರು ಏರುಮಡಿಗೆ ಹೊದಿಸುವ ಮಲ್ಚಿಂಗ್ ಶೀಟ್‌ನ ಮೇಲ್ಮೈ ಬೆಳ್ಳಿಬಣ್ಣ, ಕೆಳಮೈ ಕಪ್ಪು. ಬೆಳ್ಳಿ ಪದರ ಬಿಸಿಲನ್ನು ತಿರುಗಿಸಿ ಹೇನು, ನುಸಿಗಳನ್ನು ದೂರವಿಡುತ್ತದೆ; ಕಪ್ಪು ಪದರ ಬೆಳಕು ತಡೆದು ಕಳೆ ಮೊಳೆಯದಂತೆ ನೋಡಿಕೊಳ್ಳುತ್ತದೆ. ಬಣ್ಣ ಎರಡಾದರೂ ಎರಡು ಪದರಗಳೂ ಪಾಲಿಥೀನ್. ಕೃಷಿ ಭಾಗ್ಯ ಯೋಜನೆ 2014ರಲ್ಲಿ ಆರಂಭವಾದ ಮೇಲೆ ಒಣಭೂಮಿಯ ಕೃಷಿ ಹೊಂಡಗಳ ತಳಕ್ಕೂ ಪ್ಲಾಸ್ಟಿಕ್ ಹೊದಿಕೆ ಬಂತು.

ಹಾಲಿನ ಪೊಟ್ಟಣದಲ್ಲಿ ಒಂದೇ ಪ್ಲಾಸ್ಟಿಕ್ಕಿನದು, ಬೇರೆ ಬೇರೆ ಪದರಗಳದ್ದು ಎಂಬ ಎರಡೂ ಬಗೆಗಳಿವೆ. ದಿನನಿತ್ಯದ ನಂದಿನಿ ಹಾಲಿನ ಕವರ್ ಪಾಲಿಥೀನ್ ಕುಲದ್ದೇ. ಚಾಮರಾಜನಗರ ತಾಲ್ಲೂಕಿನ ಕುದೇರಿನ ಡೇರಿಯಲ್ಲಿ ತಯಾರಾಗುವ ದೀರ್ಘಬಾಳಿಕೆಯ ಹಾಲಿಗೆ ಇದು ಸಾಲದು. ಅಂಥ ಹಾಲಿಗೆ ಬೆಳಕು, ಆಮ್ಲಜನಕ ತಡೆಯುವ ಪದರಗಳೂ ಬೇಕು.

ಪೆಟ್ಟಿಗೆ ಅಂಗಡಿಗಳಲ್ಲಿ ತೂಗುಬಿದ್ದ ಗುಟ್ಕಾ, ಶಾಂಪೂ, ಚಿಪ್ಸ್ ಪೊಟ್ಟಣಗಳು ಹಳ್ಳಿಹಳ್ಳಿಗೂ ತಲುಪಿದ್ದು ಈ ಪದರವಿದ್ಯೆಯಿಂದಲೇ. ಚಿಪ್ಸ್ ಪೊಟ್ಟಣದ ಹೊಳಪಿಗೆ ಕಾರಣ ಪ್ಲಾಸ್ಟಿಕ್ಕಿನ ಮೇಲೆ ಆವಿಯಾಗಿಸಿ ಕೂರಿಸಿದ, ಒಂದು ಮೈಕ್ರಾನಿಗೂ ತೆಳುವಾದ ಅಲ್ಯೂಮಿನಿಯಂ. ಊಟಿ, ವಯನಾಡಿನ ಕಡೆ ಹೋಗುವ ವಾಹನಗಳಿಂದ ಬಂಡೀಪುರದ ರಸ್ತೆಬದಿಗೆ ಬೀಳುವ ಇಂಥ ಪೊಟ್ಟಣಗಳ ಉಪ್ಪು, ಎಣ್ಣೆಗೆ ಕಾಡುಪ್ರಾಣಿಗಳು ಬಾಯಿ ಹಾಕುತ್ತವೆ.

ಕಾನೂನು ತಡವಾಗಿ ಎಚ್ಚೆತ್ತಿತು. ಗುಟ್ಕಾದ ಪ್ಲಾಸ್ಟಿಕ್ ಪೊಟ್ಟಣಕ್ಕೆ 2011ರಲ್ಲಿ ನಿಷೇಧ ಬಂತು. 2016ರ ಮಾರ್ಚ್ 11ರ ರಾಜ್ಯದ ಅಧಿಸೂಚನೆ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟಗಳನ್ನು ನಿಷೇಧಿಸಿದರೂ, ಕಾರ್ಖಾನೆಯಲ್ಲೇ ಮುಚ್ಚಿ ಬರುವ ಪೊಟ್ಟಣಗಳನ್ನು ಕೈಬಿಟ್ಟಿತು. ಅದೇ ತಿಂಗಳ ಕೇಂದ್ರ ನಿಯಮಗಳು ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದೊಳಗೆ ನಿಲ್ಲಿಸಬೇಕೆಂದವು. 2018ರ ತಿದ್ದುಪಡಿ ಆ ಮಾತನ್ನು ಸಡಿಲಿಸಿ, ಸುಟ್ಟು ಶಕ್ತಿ ಪಡೆಯಬಹುದಾದ ಅಥವಾ ಬೇರೆ ಉಪಯೋಗವಿರುವ ಹಾಳೆಗಳಿಗೆ ವಿನಾಯಿತಿ ಕೊಟ್ಟಿತು. ಸಿಮೆಂಟ್ ಗೂಡಿನಲ್ಲಿ ಯಾವ ಪ್ಲಾಸ್ಟಿಕ್ಕೂ ಉರಿಯುವುದರಿಂದ, ನಿಯಮದಲ್ಲಿ ಉಳಿದದ್ದು ಅಲ್ಪ.

ಮರುಬಳಕೆಯ ತೊಡಕು ಪದರಗಳ ಎಣಿಕೆಯಲ್ಲಿಲ್ಲ, ಕುಲಭೇದದಲ್ಲಿದೆ. ಮೂರು ಪದರವಿದ್ದರೂ ಎಲ್ಲವೂ ಪಾಲಿಥೀನ್ ಆದರೆ ಒಟ್ಟಿಗೆ ಕರಗಿಸಬಹುದು. ಲೋಹ, ಪಾಲಿಯೆಸ್ಟರ್, ಪಾಲಿಥೀನ್ ಅಂಟಿದ ಹಾಳೆಯನ್ನು ಬಿಡಿಸುವ ಖರ್ಚು ಅದರ ಬೆಲೆಯನ್ನು ಮೀರುತ್ತದೆ. ಮಲ್ಚಿಂಗ್ ಶೀಟ್ ಒಂದೇ ಕುಲದ್ದಾದರೂ ಕಿತ್ತಾಗ ಹರಿದು, ಮಣ್ಣು ಮೆತ್ತಿ ಬೆಲೆ ಕಳೆದುಕೊಳ್ಳುತ್ತದೆ. ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ, ಚಿಪ್ಸ್ ಪೊಟ್ಟಣಕ್ಕಿಲ್ಲ.