ಪದ ತುಂಬಿದ ಕ್ಯಾಸೆಟ್ಟುಗಳು

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಮ್ಮ ಕಾಸರಗೋಡಿನ ಎಷ್ಟೋ ಮನೆಗಳಿಗೆ ಟೇಪ್ ರೆಕಾರ್ಡರ್ ಬಂದದ್ದು ಅನಂತರ, ಗಲ್ಫಿನಿಂದ ಊರಿಗೆ ಬಂದವರ ಪೆಟ್ಟಿಗೆಯಲ್ಲಿ. ಸಿನಿಮಾ ಹಾಡು ತುಂಬಿಸಿದವರೂ ಇದ್ದರು. ಆದರೆ ನಮ್ಮ ಕಡೆಯ ಹುಚ್ಚು ಯಕ್ಷಗಾನ.

ರಂಗಸ್ಥಳದ ಪಕ್ಕ ಟೇಪ್ ಇಟ್ಟುಕೊಂಡು ಕೂತವರನ್ನು ನಾವೆಲ್ಲ ಕಂಡಿದ್ದೇವೆ. ಆಟವೋ ಇಡೀ ರಾತ್ರಿ. ಕ್ಯಾಸೆಟ್ಟಿನ ಒಂದು ಬದಿಗೆ 30 ನಿಮಿಷ, ದೊಡ್ಡದಾದರೆ 45. ಹಾಗಾಗಿ ಅರ್ಥ ಬಿಟ್ಟು ಪದ ಮಾತ್ರ ಹಿಡಿಯುತ್ತಿದ್ದರು. ಆಮೇಲೆ ಮನೆಯಲ್ಲಿ ಎರಡು ಟೇಪ್ ಎದುರುಬದುರು ಇಟ್ಟು, ಬೇರೆ ಬೇರೆ ಆಟಗಳ ಮೆಚ್ಚಿನ ಪದಗಳನ್ನು ಒಂದೇ ಕ್ಯಾಸೆಟ್ಟಿಗೆ ಇಳಿಸುವುದು. ನಡುವೆ ನಾಯಿ ಬೊಗಳಿದ್ದು, ನೆಲಗಡಲೆಯವನ ಕೂಗು ಎಲ್ಲವೂ ಸೇರುತ್ತಿತ್ತು! ಬಲಿಪ ನಾರಾಯಣ ಭಾಗವತರ (1938-2023) ಏರುಸ್ವರವನ್ನು ನಮ್ಮಲ್ಲಿ ಅನೇಕರು ಮೊದಲು ಕೇಳಿದ್ದು ಇಂಥ ಕ್ಯಾಸೆಟ್ಟಿನಲ್ಲೇ.

ಅಂಗಡಿಯ ಕ್ಯಾಸೆಟ್ಟುಗಳಿಗಾಗಿ ಪ್ರಸಂಗವನ್ನು ಗಂಟೆ, ಒಂದೂವರೆ ಗಂಟೆಗೆ ಇಳಿಸಿ ಸ್ಟುಡಿಯೋದಲ್ಲಿ ಹಾಡಿಸುತ್ತಿದ್ದರು. ಚೊಕ್ಕವಾಗಿತ್ತು, ನಿಜ. ಮಧ್ಯರಾತ್ರಿ ದಾಟಿದ ಮೇಲೆ ಪದ ರಂಗೇರುವ ಬಗೆ ಮಾತ್ರ ಮನೆಯ ಕ್ಯಾಸೆಟ್ಟಿನಲ್ಲೇ ಉಳಿದಿದೆ.

ಈಗ ಮಕ್ಕಳು ಅಟ್ಟದಿಂದ ಹುಡುಕಿ ತರುವ ಕ್ಯಾಸೆಟ್ಟುಗಳಿಗೆ ಮಳೆಗಾಲದ ಬೂಷ್ಟು ಹಿಡಿದಿದೆ. ಮೇಲೆ 'ಬಲಿಪರ ಪದ – 3' ಎಂದಷ್ಟೇ ಬರೆದಿರುತ್ತದೆ. ಯಾವ ಊರಿನ ಆಟ, ಯಾವ ವರ್ಷ, ಚೆಂಡೆ ಮದ್ದಳೆಗೆ ಯಾರು, ಒಂದೂ ಇಲ್ಲ. ತುಂಬಿಸಿದ ಅಜ್ಜಂದಿರಲ್ಲಿ ಕೆಲವರು ಇನ್ನೂ ಇದ್ದಾರೆ. ಈ ರಜೆಯಲ್ಲಿ ಅವರಿಗೆ ಕೇಳಿಸಿ, ಹೇಳಿದ್ದನ್ನು ಬರೆದುಕೊಂಡು ಬನ್ನಿ ಎಂದು ಏಳನೆಯ ತರಗತಿಯವರಿಗೆ ಹೇಳಿದ್ದೇವೆ.