ತಾನೆಗಾಶಿಮಾ

ಜಪಾನಿನ ಕ್ಯೂಶೂ ದ್ವೀಪದ ದಕ್ಷಿಣ ತುದಿಯಿಂದ ಸುಮಾರು 40 ಕಿ.ಮೀ. ದೂರದಲ್ಲಿರುವ ದ್ವೀಪ. ಕಾಗೋಶಿಮಾ ಪ್ರಾಂತಕ್ಕೆ ಸೇರಿದೆ. ಉದ್ದ ಸುಮಾರು 57 ಕಿ.ಮೀ. ಪಕ್ಕದ ಯಾಕುಶಿಮಾ ಕಡಿದಾದ ಬೆಟ್ಟಗಳಿಂದ ತುಂಬಿದ್ದರೆ, ಇಲ್ಲಿಯ ಅತಿ ಎತ್ತರದ ಜಾಗವೂ 300 ಮೀಟರ್ ಮುಟ್ಟುವುದಿಲ್ಲ. ಕಬ್ಬು, ಗೆಣಸು, ಭತ್ತ ಮುಖ್ಯ ಬೆಳೆಗಳು. ಕಡಲ ದಂಡೆಯಲ್ಲಿ ಕಬ್ಬಿಣದ ಅಂಶವುಳ್ಳ ಕಪ್ಪು ಮರಳು ಹೇರಳ. ಕಮ್ಮಾರಿಕೆ ಇಲ್ಲಿ ಹಳೆಯ ಕಸುಬಾಗಲು ಇದೇ ಕಾರಣ.

ದಕ್ಷಿಣ ಭಾಗದ ಹಿರೋತಾದ ಪ್ರಾಚೀನ ಸಮಾಧಿಗಳಲ್ಲಿ ಕೆತ್ತನೆಯ ಚಿಪ್ಪಿನ ಆಭರಣಗಳು ದೊರೆತಿವೆ. ಪ್ರತ್ಯೇಕ ಆಡಳಿತ ವಿಭಾಗವಾಗಿದ್ದ ದ್ವೀಪವನ್ನು 824ರಲ್ಲಿ ಓಸುಮಿ ಪ್ರಾಂತಕ್ಕೆ ಸೇರಿಸಲಾಯಿತು. ಮುಂದೆ ತಾನೆಗಾಶಿಮಾ ಮನೆತನ ಇಲ್ಲಿ ಆಳಿತು.

ಜಪಾನಿಗೆ ಬಂದೂಕು ಬಂದದ್ದು 1543ರಲ್ಲಿ, ಈ ದ್ವೀಪಕ್ಕೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ದಾಖಲೆಗಳು ಅಷ್ಟು ಖಚಿತವಾಗಿಲ್ಲ. ಆ ವರ್ಷಕ್ಕೆ ಆಧಾರ 'ತೆಪ್ಪೋಕಿ' ಎಂಬ ಬರಹ. ಅದನ್ನು ಝೆನ್ ಭಿಕ್ಷು ನಾನ್ಪೋ ಬುನ್ಶಿ ಬರೆದದ್ದು 1606ರಲ್ಲಿ, ಅಂದರೆ ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ; ಬರೆಸಿದವನು ಬಂದೂಕು ಕೊಂಡ ದೊರೆ ತೋಕಿತಾಕಾನ ಮಗ. ಅದಕ್ಕೂ ಮೊದಲೇ, 1563ರಲ್ಲಿ ಅಚ್ಚಾದ ಪೋರ್ಚುಗೀಸ್ ಲೇಖಕ ಆಂಟೋನಿಯೊ ಗಾಲ್ವಾವ್‌ನ ಕೃತಿ, ಬಿರುಗಾಳಿಗೆ ಸಿಕ್ಕ ಮೂವರು ಪೋರ್ಚುಗೀಸರು ಜಪಾನ್ ಕಂಡದ್ದು 1542ರಲ್ಲಿ ಎನ್ನುತ್ತದೆ. ಬಂದೂಕಿನ ಮಾತನ್ನೇ ಎತ್ತುವುದಿಲ್ಲ. ಆ ಮೂವರಲ್ಲಿ ತಾನೂ ಒಬ್ಬನೆಂದ ಪೋರ್ಚುಗೀಸ್ ಪ್ರವಾಸಿ ಮೆಂಡಿಸ್ ಪಿಂಟೊನ ಮಾತನ್ನು ವಿದ್ವಾಂಸರು ನಂಬುವುದಿಲ್ಲ. ಪೋರ್ಚುಗೀಸರು ಏರಿ ಬಂದದ್ದು ಚೀನೀ ಹಡಗು ಎಂಬಲ್ಲಿ ಮಾತ್ರ ತೆಪ್ಪೋಕಿಗೂ ಗಾಲ್ವಾವ್‌ಗೂ ಭಿನ್ನಾಭಿಪ್ರಾಯವಿಲ್ಲ. ಇತಿಹಾಸಕಾರ ಉದಾಗಾವಾ ತಾಕೆಹಿಸಾ ಇನ್ನೂ ಮುಂದೆ ಹೋಗಿ, ಕಡಲ್ಗಳ್ಳರ ಮೂಲಕ ಬಂದೂಕುಗಳು ಪಶ್ಚಿಮ ಜಪಾನಿನ ಹಲವು ಕಡೆ ತಲುಪಿದವು ಎಂದು ವಾದಿಸಿದ್ದಾರೆ.

ದೊರೆ ಕೊಂಡ ಬಂದೂಕಿನ ನಕಲು ತಯಾರಿಸುವ ಹೊಣೆ ಕಮ್ಮಾರ ಯಾಇತಾ ಕಿನ್ಬೇಗೆ ಬಿತ್ತೆಂಬುದು ಪರಂಪರೆ. ತೆಪ್ಪೋಕಿಯ ಪ್ರಕಾರ ಇಲ್ಲಿನ ಕಮ್ಮಾರರಿಗೆ ನಳಿಗೆಯ ಹಿಂಬದಿಯನ್ನು ತಿರುಪಿನಿಂದ ಮುಚ್ಚುವುದು ಸಾಧ್ಯವಾಗಲಿಲ್ಲ. ಮರುವರ್ಷ ಬಂದ ವಿದೇಶಿ ಕಮ್ಮಾರ ಅದನ್ನು ಕಲಿಸಿದ. ಅದಕ್ಕೆ ಪ್ರತಿಯಾಗಿ ಕಿನ್ಬೇ ಮಗಳು ವಾಕಾಸಾಳನ್ನು ಪರದೇಶಿಗೆ ಮದುವೆ ಮಾಡಿಕೊಟ್ಟನೆಂಬ ಜನಪ್ರಿಯ ಕಥೆ ತೆಪ್ಪೋಕಿಯಲ್ಲಿಲ್ಲ. ಅದನ್ನು ಐತಿಹ್ಯವೆಂದೇ ಎಣಿಸಬೇಕು. ಸಾಕಾಯಿ ಪಟ್ಟಣದ ವರ್ತಕನೊಬ್ಬ ಇಲ್ಲಿ ಉಳಿದು ವಿದ್ಯೆ ಕಲಿತು ಊರಿಗೆ ಒಯ್ದ. ಸಾಕಾಯಿ ಮುಂದೆ ಬಂದೂಕು ತಯಾರಿಕೆಯ ದೊಡ್ಡ ಕೇಂದ್ರವಾಯಿತು. ಮೊದಲ ಬಂದೂಕು ಎಲ್ಲಿಗೇ ಬಂದಿರಲಿ, ತಯಾರಿಕೆಯನ್ನು ಹರಡಿದ ಕೀರ್ತಿ ಈ ದ್ವೀಪದ ಕಮ್ಮಾರರಿಗೆ ಸಲ್ಲಬೇಕು.

1698ರಲ್ಲಿ ರ್ಯೂಕ್ಯೂ ರಾಜ್ಯದಿಂದ ಗೆಣಸು ಬಂದು ಬೇರೂರಿತು. ನಿಶಿನೋಓಮೋತೆ ಪಟ್ಟಣದಲ್ಲಿ ಪ್ರತಿ ಬೇಸಿಗೆ ಬಂದೂಕಿನ ಹಬ್ಬ ನಡೆಯುತ್ತದೆ. ಹತ್ತಿರದ ನಿರ್ಜನ ದ್ವೀಪ ಮಾಗೆಶಿಮಾದಲ್ಲಿ 2023ರಲ್ಲಿ ಆರಂಭವಾದ ಸೇನಾನೆಲೆಯ ಕಾಮಗಾರಿಯ ಬಗ್ಗೆ ಸ್ಥಳೀಯರಲ್ಲಿ ಒಮ್ಮತವಿಲ್ಲ.

ದ್ವೀಪದ ಆಗ್ನೇಯ ಕರಾವಳಿಯಲ್ಲಿ 1969ರಲ್ಲಿ ಬಾಹ್ಯಾಕಾಶ ಕೇಂದ್ರ ಸ್ಥಾಪನೆಯಾಯಿತು. ಚಂದ್ರನ ಮೇಲಿಳಿದ ಜಪಾನಿನ 'ಸ್ಲಿಮ್' ನೌಕೆ 2023ರ ಸೆಪ್ಟೆಂಬರಿನಲ್ಲಿ ಇಲ್ಲಿಂದಲೇ ಹೊರಟಿತು. ಬೆಂಗಳೂರಿನ ಇಸ್ರೋ ಜಪಾನಿನೊಂದಿಗೆ ರೂಪಿಸಿರುವ ಚಂದ್ರಯಾನ-5 ಕೂಡ ಇಲ್ಲಿಂದಲೇ ಜಪಾನಿನ ಎಚ್3 ರಾಕೆಟ್ಟಿನಲ್ಲಿ ಹೋಗಲಿದೆ.